ಒಯ್ದ ಮಣ್ಣಿನ ಲೆಕ್ಕ ಹೊಲಕ್ಕೂ ಬರಲಿ

2022ರ ಶಿವರಾತ್ರಿಗೆ ಇನ್ನೊಂದು ವಾರ ಇತ್ತು. ರಾಗಿ ಒಕ್ಕಣೆ ಮುಗಿದು, ಅಕ್ಕಡಿ ಸಾಲಿನ ತೊಗರಿಯನ್ನೂ ಕಡಿದು ಹೊಲ ಬರಿದಾಗಿತ್ತು. ಎರಡು ಬೈಕಿನಲ್ಲಿ ಮೂರು ಜನ ಬಂದರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಂದು ಪುಟ್ಟ ಗುದ್ದಲಿ, ಒಂದು ನೋಟ್ ಬುಕ್ಕು.

"ಯಜಮಾನ್ರೇ, ನಾವು ಯೂನಿವರ್ಸಿಟಿಯಿಂದ ಬಂದಿದ್ದೀವಿ. ಕೆಮಿಸ್ಟ್ರಿಯಲ್ಲಿ ಸಂಶೋಧನೆ ಮಾಡ್ತಾ ಇದೀವಿ. ನಿಮ್ಮ ಹೊಲದಲ್ಲಿ ಸ್ವಲ್ಪ ಮಣ್ಣು ತಗೊಳ್ಳಬಹುದಾ?" ಅಂದಳು ಆ ಹುಡುಗಿ.

ಮಣ್ಣಿಗೆ ಬೇಡ ಅನ್ನೋಕಾಗುತ್ತಾ? ತಗೋ ತಾಯಿ ಅಂದೆ. ಅವಳು ಬದುವಿನ ಪಕ್ಕದಲ್ಲೇ ಗುದ್ದಲಿ ಹಾಕಲು ಹೋದಳು. "ಅಲ್ಲಿ ಬೇಡ ಕಣವ್ವ, ಹೋದ ವರ್ಷ ಅಲ್ಲೇ ಗೊಬ್ಬರ ಗುಡ್ಡೆ ಹಾಕಿದ್ದೆ. ಆ ಮಣ್ಣು ನೋಡಿದ್ರೆ ನಾನು ಸಾಹುಕಾರ ಅಂತ ಕಾಣುತ್ತೆ" ಅಂದೆ. ನಕ್ಕಳು. ಆಮೇಲೆ ನಾನೇ ಮುಂದೆ ನಿಂತು ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆಸಿ ಹತ್ತು ಕಡೆ ಆರಾರು ಅಂಗುಲ ಗುಂಡಿ ತೆಗೆಸಿದೆ. ಹತ್ತೂ ಕಡೆಯ ಮಣ್ಣು ಗೋಣಿಚೀಲದ ಮೇಲೆ ಸುರಿದು, ಕಲೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಮತ್ತೆ ಕಲೆಸಿ, ಹೀಗೆ ಅರ್ಧ ಕೆ.ಜಿ. ಉಳಿಯುವ ತನಕ ಮಾಡಿದೆವು. ರೈತ ಸಂಪರ್ಕ ಕೇಂದ್ರದವರು ನಮಗೆ ಹೇಳಿಕೊಟ್ಟಿದ್ದ ಕ್ರಮ ಇದು. ಅಷ್ಟರಲ್ಲಿ ಆ ಹುಡುಗರಿಬ್ಬರೂ ಪಕ್ಕದ ಹೊಲಕ್ಕೆ ಹೋಗಿ, ಹೊಲದವನು ಇಲ್ಲದ್ದರಿಂದ, ಬದುವಿನ ಹತ್ತಿರ ಒಂದು ಬೊಗಸೆ ತುಂಬಿಕೊಂಡು ಬಂದಿದ್ದರು.

ಮನೆಯಲ್ಲಿ ಮಜ್ಜಿಗೆ ಕುಡಿದು ಹೊರಟರು. "ರಿಸಲ್ಟ್ ಬಂದ ತಕ್ಷಣ ತಿಳಿಸ್ತೀವಿ ಯಜಮಾನ್ರೇ" ಅಂದರು.

ಮುಂಗಾರು ಬಂತು, ಹೋಯಿತು. ಇನ್ನೊಂದು ಮುಂಗಾರು ಬಂತು. ಮೂರನೆಯದೂ ಬಂತು. ರಿಸಲ್ಟ್ ಬರಲಿಲ್ಲ.

ಇದು ನನ್ನೊಬ್ಬನ ಕಥೆ ಆಗಿದ್ದರೆ ಬರೆಯುತ್ತಿರಲಿಲ್ಲ. ಹುತ್ರಿದುರ್ಗದ ಕಡೆ, ಯಡಿಯೂರಿನ ಕಡೆ, ನೆಂಟರಿಷ್ಟರನ್ನು ಕೇಳಿ ನೋಡಿದೆ. ಒಬ್ಬರ ಹೊಲದಲ್ಲಿ ಮಣ್ಣು ತಗೊಂಡು ಹೋಗಿದ್ದಾರೆ, ಇನ್ನೊಬ್ಬರ ಬೋರ್‌ವೆಲ್ ನೀರು ಬಾಟಲಿಗೆ ಹಿಡಿದುಕೊಂಡು ಹೋಗಿದ್ದಾರೆ, ಮತ್ತೊಬ್ಬರ ಮನೆಯಲ್ಲಿ ಒಂದು ಸೇರು ರಾಗಿ. ತಿರುಗಿ ಬಂದು ಹೇಳಿದವರು ಒಬ್ಬರೂ ಇಲ್ಲ. ಯಾವ ವಿಶ್ವವಿದ್ಯಾಲಯ ಎಂದು ನಾನು ಬರೆಯುವುದಿಲ್ಲ. ನನ್ನ ಮಣ್ಣು ಹೋದದ್ದು ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯಕ್ಕೆ ಅಲ್ಲ ಅಂತ ಮಾತ್ರ ಹೇಳಬಲ್ಲೆ. ಹೆಸರು ಹೇಳಿದರೆ ಜಗಳ ಅದೊಂದರ ಮೇಲೆ ನಿಲ್ಲುತ್ತೆ. ನನ್ನ ಮಾತು ಇರುವುದು ಪದ್ಧತಿಯ ಮೇಲೆ.

ಜಗಳಕ್ಕೆ ಹೋದೆ

2024ರ ಕಾರ್ತೀಕದಲ್ಲಿ ಬೇರೆ ಕೆಲಸದ ಮೇಲೆ ಆ ಊರಿಗೆ ಹೋಗಬೇಕಾಯಿತು. ಇವತ್ತು ಕೇಳಿಯೇ ಬಿಡೋಣ ಅಂತ ರಸಾಯನಶಾಸ್ತ್ರ ವಿಭಾಗ ಹುಡುಕಿಕೊಂಡು ಹೋದೆ. ಬಾಯಲ್ಲಿ ನಾಲ್ಕು ಬಿರುಸು ಮಾತು ಇಟ್ಟುಕೊಂಡೇ ಹೋಗಿದ್ದೆ. ಕಾವಲಿನವನು "ಯಾರು ಬೇಕು?" ಅಂದ. "ನನ್ನ ಮಣ್ಣು ಬೇಕು" ಅಂದೆ. ಅವನು ಮೇಲೂ ಕೆಳಗೂ ನೋಡಿ ಒಳಗೆ ಬಿಟ್ಟ.

ಪ್ರಯೋಗಶಾಲೆಯ ಬಾಗಿಲಲ್ಲೇ ಒಂದು ಘಾಟು. ನಾವು ಹೊಲಕ್ಕೆ ಔಷಧಿ ಹೊಡೆಯುವಾಗ ಬರುವ ವಾಸನೆ ಬೇರೆ, ಇದು ಬೇರೆ, ಎರಡೂ ಗಂಟಲಿಗೆ ಕೂರುತ್ತವೆ. ಒಳಗೆ ಬಿಳಿ ಕೋಟು ಹಾಕಿಕೊಂಡು ನಿಂತಿದ್ದವಳು ಅದೇ ಹುಡುಗಿ. ಗುರುತು ಹಿಡಿದಳು. ಮುಖ ಸಣ್ಣದಾಯಿತು. "ಯಜಮಾನ್ರೇ, ತಪ್ಪಾಯ್ತು" ಅಂದಳು. ಬಾಯಲ್ಲಿಟ್ಟುಕೊಂಡು ಹೋಗಿದ್ದ ಮಾತು ಅಲ್ಲೇ ಉಳಿಯಿತು.

ಒಂದು ದಪ್ಪ ರಿಜಿಸ್ಟರು ತೆಗೆದಳು. ನಾವು ಹುಣಸೆಮರದ ಹೊಲ ಅನ್ನುತ್ತೇವೆ. ಅಲ್ಲಿ ಅದಕ್ಕೆ 'ಎಸ್-14' ಅಂತ ಹೆಸರು. ಅಕ್ಷಾಂಶ, ರೇಖಾಂಶ ಎಲ್ಲಾ ಬರೆದಿದ್ದಾರೆ. ಅದರ ಮುಂದೆ ಲೆಕ್ಕ: ರಸಸಾರ 5.4, ಅಂದರೆ ಹುಳಿ ಮಣ್ಣು. ಸಾವಯವ ಇಂಗಾಲ ನೂರಕ್ಕೆ 0.31, ಅಂದರೆ ಕಡಿಮೆ. ಪೊಟ್ಯಾಷ್ ಕಡಿಮೆ. ರಂಜಕ ಮಾತ್ರ ಹೆಚ್ಚು.

"ಇದು ಯಾವತ್ತು ಬಂದದ್ದು ತಾಯಿ?" ಅಂದೆ. ತಾರೀಖು ನೋಡಿದಳು. 2022ರ ಡಿಸೆಂಬರು.

ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಡಿ.ಎ.ಪಿ. ಅಂದರೆ ಹೆಚ್ಚು ಪಾಲು ರಂಜಕವೇ: ನೂರಕ್ಕೆ 46 ಅದು, 18 ಸಾರಜನಕ, ಪೊಟ್ಯಾಷ್ ಸೊನ್ನೆ. ಲೆಕ್ಕ ರಿಜಿಸ್ಟರಿನಲ್ಲಿ ಕೂತ ಮೇಲೆ ನಾನು ಎರಡು ಮುಂಗಾರಿಗೆ ಡಿ.ಎ.ಪಿ. ಹಾಕಿದ್ದೆ. ಅದರಲ್ಲಿ ವರ್ಷಕ್ಕೆ ಎರಡು ಮೂಟೆಯಾದರೂ ಉಳಿಸಬಹುದಿತ್ತು. ಮೂಟೆ 1,350 ರೂಪಾಯಿ. ನಾಲ್ಕು ಮೂಟೆಗೆ 5,400. ಹೊಟ್ಟೆ ತುಂಬಿದವನ ಹತ್ತಿರ ಇರುವ ಮಣ್ಣಿಗೇ ಮತ್ತೆ ಉಣ್ಣಿಸಿದೆ, ಹಸಿದದ್ದನ್ನು ಕೇಳಲಿಲ್ಲ. ಈ ದುಡ್ಡು ದೊಡ್ಡವರಿಗೆ ಲೆಕ್ಕಕ್ಕಿಲ್ಲದೆ ಇರಬಹುದು. ಮಳೆ ನಂಬಿ ರಾಗಿ ಬೆಳೆಯುವವನಿಗೆ ಇದು ಒಂದು ಉಳುಮೆಯ ಖರ್ಚು.

ಒಂದು ಗ್ರಾಂ ಮಣ್ಣಿಗೆ ಎಷ್ಟು ಕೆಲಸ

ಕೋಪ ಇಳಿದ ಮೇಲೆ "ಇದನ್ನ ಹೆಂಗೆ ಕಂಡುಹಿಡೀತೀರಿ, ತೋರಿಸು" ಅಂದೆ. ಅವತ್ತು ಬೇರೆ ಮಣ್ಣಿನ ಸಾವಯವ ಇಂಗಾಲ ನೋಡುತ್ತಿದ್ದಳು. ನಿಂತು ನೋಡಿದೆ. ಅದನ್ನು ಇಲ್ಲಿ ಬರೆಯುತ್ತೇನೆ. ಮಣ್ಣು ಪರೀಕ್ಷೆ ಅಂತ ದಿನಾ ಮಾತಾಡುವ ನಾವು ಅದು ನಡೆಯುವುದನ್ನು ನೋಡಿರುವುದಿಲ್ಲ.

ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಮಣ್ಣಿನಲ್ಲಿ ಒಂದೇ ಒಂದು ಗ್ರಾಂ ತೂಗುತ್ತಾರೆ. ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಉಸಿರು ತಾಗಿದರೂ ಅಂಕಿ ಓಡುತ್ತೆ. ಆ ಮಣ್ಣಿಗೆ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ 10 ಮಿ.ಲೀ., ಅದರ ಮೇಲೆ ಗಟ್ಟಿ ಗಂಧಕಾಮ್ಲ 20 ಮಿ.ಲೀ. ಸೀಸೆ ಕೈ ಸುಡುವಷ್ಟು ಕಾಯುತ್ತೆ. ಮಣ್ಣಿನಲ್ಲಿರುವ ಕೊಳೆತ ಸೊಪ್ಪು, ಬೇರು, ಗೊಬ್ಬರದ ಅಂಶವನ್ನು ಆ ದ್ರಾವಣ ಸುಟ್ಟು ಹಾಕುತ್ತೆ. ಅರ್ಧ ಗಂಟೆ ಬಿಟ್ಟು ನೀರು ಸೇರಿಸಿ, ಇನ್ನೊಂದು ಆಮ್ಲ ಸೇರಿಸಿ, ಉಳಿದ ಡೈಕ್ರೋಮೇಟ್ ಎಷ್ಟು ಅಂತ ಕಬ್ಬಿಣದ ಉಪ್ಪಿನ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುತ್ತಾರೆ. ಬಣ್ಣ ನೇರಳೆ ನೀಲಿಯಾಗಿ ಇರುತ್ತೆ, ಇರುತ್ತೆ, ಒಂದು ಹನಿಗೆ ಪಕ್ಕನೆ ಹಸಿರಾಗುತ್ತೆ. ಅಲ್ಲಿಗೆ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೆ ಕೆಟ್ಟಿತು, ಮತ್ತೆ ಮೊದಲಿಂದ. ಆಲೆಮನೆಯಲ್ಲಿ ಪಾಕದ ಹದ ನೋಡುವವನ ಕಣ್ಣು ಹೇಗಿರುತ್ತದೋ ಆ ಹುಡುಗಿಯ ಕಣ್ಣು ಹಾಗೇ ಇತ್ತು.

ವಾಕ್ಲಿ ಮತ್ತು ಬ್ಲ್ಯಾಕ್ ಎಂಬಿಬ್ಬರು 1934ರಲ್ಲಿ ಹೇಳಿದ ಕ್ರಮವಂತೆ ಇದು. ಒಂದು ಮಣ್ಣಿಗೆ ಮೂರು ಸಲ ಮಾಡಿ ಸರಾಸರಿ ತೆಗೆಯುತ್ತಾಳೆ. ಅದಲ್ಲದೆ ಮಣ್ಣೇ ಹಾಕದ ಒಂದು ಸೀಸೆಗೂ ಇದೇ ಎಲ್ಲಾ ಉಪಚಾರ. ಯಾಕೆ ಅಂದೆ. "ಯಜಮಾನ್ರೇ, ನೀವು ಹೊಸ ಗೊಬ್ಬರ ಹಾಕಿ ನೋಡುವಾಗ ಗೊಬ್ಬರ ಹಾಕದ ಎರಡು ಸಾಲು ಬಿಡ್ತೀರಲ್ಲ, ಇದೂ ಹಂಗೇ" ಅಂದಳು. ಈ ಮಾತು ನನಗೆ ಬಹಳ ಹಿಡಿಸಿತು. ಗುಬ್ಬಿ ತಾಲ್ಲೂಕಿನ ರೈತರ ಮನೆ ಮಗಳು. ಇಲ್ಲದಿದ್ದರೆ ಈ ಉತ್ತರ ಬರುತ್ತಿರಲಿಲ್ಲ.

ರಂಜಕದ ಕಥೆ ಇನ್ನೂ ಇದೆ. ರಂಜಕ ಅಳೆಯಲು ಹುಳಿ ಮಣ್ಣಿಗೆ ಒಂದು ಕ್ರಮ, ಸುಣ್ಣದಂಶದ ಮಣ್ಣಿಗೆ ಇನ್ನೊಂದು ಕ್ರಮ. ಮೊದಲು ಎಲ್ಲಾ ಮಣ್ಣಿಗೂ ಒಂದೇ ಕ್ರಮ ಹಿಡಿದಿದ್ದಳಂತೆ. ನಮ್ಮ ಕಡೆಯ ಕೆಂಪು ಮಣ್ಣು ಹುಳಿ ಅಂತ ಗೊತ್ತಾದ ಮೇಲೆ ಅಷ್ಟನ್ನೂ ಬಿಸಾಡಿ ಮತ್ತೆ ಮಾಡಿದಳಂತೆ. ಮೂರು ತಿಂಗಳು ಹೋಯಿತು ಅಂದಳು. ಬಿತ್ತಿದ ಮೇಲೆ ಮಳೆ ಹೋಗಿ ಮತ್ತೆ ಬಿತ್ತುವವರಿಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಕೆಲವು ಕಂಡೆ. ಆಸಿಡ್ ಹೊಗೆ ಎಳೆದು ಹೊರಗೆ ಹಾಕುವ ಗಾಜಿನ ಗೂಡು ಇದೆ, ಅದರ ಫ್ಯಾನು ಕೆಟ್ಟು ತಿಂಗಳುಗಳಾಗಿತ್ತು. ಕಿಟಕಿ ತೆಗೆದುಕೊಂಡು ಕೆಲಸ ಮಾಡುತ್ತಿದ್ದರು. ಕೈಗವಸು ಒಂದೇ ಜೊತೆ ತೊಳೆದು ತೊಳೆದು ಹಾಕುತ್ತಿದ್ದಳು. ಕ್ರೋಮಿಯಂ ಇರುವ ಆ ನೀರು ವಿಷ, ಮೋರಿಗೆ ಬಿಡಬಾರದು ಅಂತ ಕ್ಯಾನಿನಲ್ಲಿ ತುಂಬಿ ಮೂಲೆಯಲ್ಲಿಟ್ಟಿದ್ದರು. ಒಯ್ಯುವವರು ಬಂದಿರಲಿಲ್ಲ. ನಮಗೆ ಔಷಧಿ ಹೊಡೆಯುವಾಗ ಕೈಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ ಅಂತ ಭಾಷಣ ಮಾಡುತ್ತಾರೆ. ಓದಿದ ಮಕ್ಕಳ ಪಾಡೂ ಅದೇ ಆಗಿದೆ.

ದುಡ್ಡಿನ ವಿಷಯ ಕೇಳಿದೆ. ಸಿ.ಎಸ್.ಐ.ಆರ್. ಮತ್ತು ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಅದು ಸಿಗುವುದು ಕೆಲವರಿಗೆ. ಇವಳಿಗೆ ಬೇರೊಂದು ಸಣ್ಣ ಫೆಲೋಶಿಪ್ ಇತ್ತು, ಆರು ತಿಂಗಳಿಗೋ ಎಂಟು ತಿಂಗಳಿಗೋ ಒಟ್ಟಿಗೆ ಬರುತ್ತಿತ್ತು. ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿ ರೂಮಿನ ಬಾಡಿಗೆ ಕಟ್ಟುತ್ತಿದ್ದಳು. "ನಮ್ಮೂರಿಗೆ ಬಂದು ಹೋದ ಬೈಕಿನ ಪೆಟ್ರೋಲು ಯಾರದು?" ಅಂದೆ. "ನಮ್ಮದೇ" ಅಂದಳು.

ಒಂಬತ್ತು ಲಕ್ಷದಲ್ಲಿ ಒಂದು ಗ್ರಾಂ

ಹೊರಡುವ ಮುಂಚೆ ಅವಳೇ ಒಂದು ಪ್ರಶ್ನೆ ಕೇಳಿದಳು. "ನಿಮ್ಮ ಪಕ್ಕದ ಹೊಲ ಎಸ್-15. ಎರಡೂ ಒಂದೇ ಥರ ಮಣ್ಣು. ಆದರೆ ಅದರಲ್ಲಿ ಸಾವಯವ ಇಂಗಾಲ ನಿಮ್ಮದಕ್ಕಿಂತ ಮೂರು ಪಟ್ಟು ಬಂದಿದೆ. ಮೂರು ಸಲ ಮಾಡಿದೆ, ಹಂಗೇ ಬರುತ್ತೆ. ಯಾಕೆ ಅಂತ ಗೊತ್ತಾಗ್ತಿಲ್ಲ."

ನನಗೆ ನಗು ಬಂತು. "ಅವತ್ತು ಆ ಹುಡುಗರು ಮಣ್ಣು ಬಾಚಿದ ಜಾಗದಲ್ಲಿ ನಮ್ಮ ಮೈದುನನ ತಿಪ್ಪೆ ಇತ್ತು ಕಣವ್ವ. ಅದನ್ನ ಎತ್ತಿ ಎರಡು ವರ್ಷ ಆಗಿತ್ತಷ್ಟೆ. ನೀನು ಅಳೆದದ್ದು ಹೊಲ ಅಲ್ಲ, ತಿಪ್ಪೆ."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ರಿಜಿಸ್ಟರಿನಲ್ಲಿ ಎಸ್-15ರ ಮುಂದೆ ಏನೋ ಬರೆದುಕೊಂಡಳು.

ನಾನು ಈ ಲೇಖನ ಬರೆಯಲು ಕೂತದ್ದು ಆ ಒಂದು ಮಾತಿಗಾಗಿ. ಒಂದು ಎಕರೆ ಹೊಲದ ಮೇಲಿನ ಆರು ಅಂಗುಲ ಮಣ್ಣು ತೂಗಿದರೆ ಸುಮಾರು 9 ಲಕ್ಷ ಕೆ.ಜಿ. ಆಗುತ್ತೆ. ಅದರಲ್ಲಿ ಪ್ರಯೋಗಶಾಲೆಗೆ ಹೋಗುವುದು ಅರ್ಧ ಕೆ.ಜಿ. ಸೀಸೆಗೆ ಬೀಳುವುದು ಒಂದು ಗ್ರಾಂ. ಆ ಒಂದು ಗ್ರಾಮನ್ನು ದಶಮಾಂಶದ ನಾಲ್ಕು ಸ್ಥಾನದ ತನಕ ತೂಗುತ್ತಾರೆ, ಮೂರು ಸಲ ಮಾಡುತ್ತಾರೆ, ಮಣ್ಣಿಲ್ಲದ ಸೀಸೆಯನ್ನೂ ಇಡುತ್ತಾರೆ. ಆದರೆ ಆ ಗ್ರಾಂ ಎಲ್ಲಿಂದ ಬಂತು ಅನ್ನುವಲ್ಲಿ ಒಂದು ಬೊಗಸೆ ತಪ್ಪಾದರೆ ಮುಂದಿನದೆಲ್ಲಾ ಅಚ್ಚುಕಟ್ಟಾಗಿ ಮಾಡಿದ ತಪ್ಪು. ಆ ತಪ್ಪನ್ನು ಹಿಡಿಯುವ ಯಂತ್ರ ಅಲ್ಲಿಲ್ಲ. ಹಿಡಿಯಬಲ್ಲವನು ಹೊಲದವನು. ಎಲ್ಲಿ ತಿಪ್ಪೆ ಇತ್ತು, ಎಲ್ಲಿಗೆ ಕೆರೆಗೋಡು ಹೊಡೆಸಿದ್ದ, ಎಲ್ಲಿ ಕುರಿಮಂದೆ ನಿಲ್ಲಿಸಿದ್ದ, ಎಲ್ಲಿ ಬೂದಿ ಸುರಿದಿದ್ದ, ಇದು ಅವನಿಗೆ ಗೊತ್ತು, ಅವನಿಗೆ ಮಾತ್ರ.

ಹಾಗಾಗಿ ಲೆಕ್ಕ ಹೊಲಕ್ಕೆ ಬರಬೇಕು ಅನ್ನುವುದು ನಮಗೆ ಮಾಡುವ ಉಪಕಾರ ಅಂತ ತಿಳಿಯಬೇಡಿ. ಲೆಕ್ಕ ತಂದು ತೋರಿಸಿದ್ದರೆ ಎರಡು ವರ್ಷ ಮುಂಚೆಯೇ ನಾನು ಆ ತಿಪ್ಪೆಯ ಮಾತು ಹೇಳಿರುತ್ತಿದ್ದೆ. ತಪ್ಪು ಅಂಕಿ ಪ್ರಬಂಧಕ್ಕೆ ಹೋಗಿ, ಅಲ್ಲಿಂದ ಶೋಧಗಂಗಾ ಎಂಬ ಜಾಲತಾಣಕ್ಕೆ ಹೋಗಿ, ಮುಂದಿನ ಹುಡುಗನೊಬ್ಬ ಅದನ್ನೇ ನಂಬಿ ಬರೆಯುವುದು ತಪ್ಪುತ್ತಿತ್ತು.

ಹಿಂದೆ ಮಾಡಿದವರಿದ್ದಾರೆ

ರಸಾಯನಶಾಸ್ತ್ರಕ್ಕೂ ಹೊಲಕ್ಕೂ ನಂಟು ನಮ್ಮ ಸೀಮೆಗೆ ಹೊಸದೇನಲ್ಲ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಕೃಷಿ ಪ್ರಯೋಗಕ್ಕೆ ದಾರಿ ಮಾಡಿದರು. ಡಾ. ಲೇಮನ್ ಎಂಬ ವಿಜ್ಞಾನಿ ಆಗ ಮೈಸೂರು ಸಂಸ್ಥಾನದಲ್ಲಿ ಮಣ್ಣು, ಬೆಳೆಯ ಸಂಶೋಧನೆ ಶುರುಮಾಡಿದರು. ಆಮೇಲೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಲ್ಲೇ ಹೊಡೆಸಿ ತೋರಿಸಿದರು. ಇವತ್ತಿಗೂ ಅಡಿಕೆ ಬೆಳೆಗಾರರ ಕೈ ಬಿಡದ ಮದ್ದು ಅದು. ಸೀಸೆಯಲ್ಲಿದ್ದದ್ದು ಮರದ ತುದಿಗೆ ಹತ್ತಿದ್ದರಿಂದ ಅದು ಉಳಿಯಿತು.

ವಿದ್ಯಾರ್ಥಿಗಳಲ್ಲೂ ಅಂಥವರಿದ್ದರು. 1933ರಲ್ಲಿ ಕಮಲಾ ಎಂಬ ಹುಡುಗಿ, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನೆಗೆ ಬಂದರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣುಮಗಳು ಅಂತ ಮೊದಲು ಸೇರಿಸಿಕೊಳ್ಳಲಿಲ್ಲ. ಆಕೆ ಪಟ್ಟು ಹಿಡಿದ ಮೇಲೆ ಒಂದು ವರ್ಷ ನೋಡೋಣ ಅಂತ ಷರತ್ತು ಹಾಕಿ ಬಿಟ್ಟುಕೊಂಡರು. ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ಆಕೆ ನೋಡಿದ್ದು ಏನನ್ನು? ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಸಸಾರಜನಕವನ್ನು. ಅಂದರೆ ಬಡವರ ತಟ್ಟೆಯಲ್ಲಿರುವುದನ್ನು. ಮುಂದೆ ಕೇಂಬ್ರಿಡ್ಜಿಗೆ ಹೋಗಿ ಡಾಕ್ಟರೇಟ್ ಪಡೆದು ಬಂದ ಮೇಲೂ ಮುಂಬಯಿಯಲ್ಲಿ ತಮ್ಮ ವಿದ್ಯಾರ್ಥಿಗಳ ಜೊತೆ ನೀರಾದ ಮೇಲೆ ಕೆಲಸ ಮಾಡಿ, ಅದರಲ್ಲಿ ಪೋಷಕಾಂಶ ಇದೆ ಎಂದು ತೋರಿಸಿದರು. ಅದಕ್ಕೆ ರಾಷ್ಟ್ರಪತಿಗಳ ಪುರಸ್ಕಾರ ಬಂತು.

ಲೆಕ್ಕ ಹೊಲಕ್ಕೆ ಬಂದರೆ ಏನಾಗುತ್ತೆ ಎಂಬುದಕ್ಕೆ ಹತ್ತಿರದ ಉದಾಹರಣೆ ಭೂಚೇತನ. 2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದಿನ ಇಕ್ರಿಸ್ಯಾಟ್ ಜೊತೆ ಸೇರಿ ಶುರುಮಾಡಿತು. ಒಣಭೂಮಿಯ ಮಣ್ಣು ಪರೀಕ್ಷೆ ಮಾಡಿ ಸತು, ಬೋರಾನ್, ಗಂಧಕ ಕಡಿಮೆ ಇದೆ ಅಂತ ಕಂಡರು. ಅದನ್ನು ರಿಪೋರ್ಟಿನಲ್ಲಿ ಮುಚ್ಚಿಡದೆ ಊರಿನ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿದರು. ಅದಕ್ಕಿಂತ ಮುಂಚೆ ನಮ್ಮಲ್ಲಿ ಎಷ್ಟು ಜನರಿಗೆ ಬೋರಾನ್ ಎಂಬ ಹೆಸರು ಗೊತ್ತಿತ್ತು?

ಕಾರ್ಡ್ ಇದೆಯಲ್ಲ ಅನ್ನುವವರಿಗೆ

ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ, ಹುಡುಗರನ್ನು ಯಾಕೆ ಹಿಡಿಯುತ್ತೀರಿ ಅಂತ ಕೆಲವರು ಕೇಳಬಹುದು. ಕಾರ್ಡ್ ಒಳ್ಳೆಯದೇ. 2015ರ ಫೆಬ್ರವರಿಯಲ್ಲಿ ಶುರುವಾಯಿತು, ಹನ್ನೆರಡು ಅಂಶ ನೋಡುತ್ತಾರೆ. ಆದರೆ ಶುರುವಾದಾಗ ಇಟ್ಟ ಕ್ರಮ ಏನು? ನೀರಾವರಿ ಇದ್ದರೆ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತವಾದರೆ 10 ಹೆಕ್ಟೇರಿಗೆ ಒಂದು. ಹತ್ತು ಹೆಕ್ಟೇರು ಅಂದರೆ 25 ಎಕರೆ. ನಮ್ಮ ಕಡೆ 25 ಎಕರೆ ಬೆದ್ದಲಿನಲ್ಲಿ ಹತ್ತು ಹನ್ನೆರಡು ಮನೆಯವರ ಹೊಲ ಇರುತ್ತೆ. ಒಬ್ಬ ಗೊಬ್ಬರ ಹೊಡೆದವನು, ಒಬ್ಬ ಹತ್ತು ವರ್ಷದಿಂದ ಏನೂ ಹಾಕದವನು, ಒಬ್ಬ ಗುಳೆ ಹೋಗಿ ಬೀಡು ಬಿಟ್ಟವನು. ಎಲ್ಲರಿಗೂ ಒಂದೇ ಗ್ರಾಂ. ನೀರಿದ್ದವನಿಗೆ ಒಂದು ಲೆಕ್ಕ, ಮಳೆ ನಂಬಿದವನಿಗೆ ಅದರ ಕಾಲು ಭಾಗ. ಅದಕ್ಕೇ ಒಬ್ಬ ವಿದ್ಯಾರ್ಥಿ ನಮ್ಮದೇ ಹೊಲದಲ್ಲಿ ಹತ್ತು ಕಡೆ ಗುಂಡಿ ತೋಡಿ ಮೂರು ಸಲ ಮಾಡಿದ ಲೆಕ್ಕ ನಮಗೆ ಬಂಗಾರ ಅನ್ನುವುದು.

ಇನ್ನು ಕೆಲವರು, ಬರೀ ಅಂಕಿ ಕೊಟ್ಟರೆ ರೈತರು ತಪ್ಪು ತಿಳಿಯುತ್ತಾರೆ, ಶಿಫಾರಸು ಮಾಡುವುದು ಕೃಷಿ ಇಲಾಖೆಯ ಕೆಲಸ ಅನ್ನುತ್ತಾರೆ. ತಪ್ಪು ತಿಳಿಯಬಹುದು. ಅಂಕಿ ಕೊಡದಿದ್ದಾಗ ನಾವು ಗೊಬ್ಬರದ ಅಂಗಡಿಯವರ ಮಾತು ಕೇಳುತ್ತೇವೆ. ಅದು ಸರಿ ತಿಳಿದ ಹಾಗೋ? ಚೀಟಿ ಕೈಯಲ್ಲಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಇದಕ್ಕೇನು ಮಾಡಲಿ ಅಂತ ಕೇಳಬಹುದು. ನಾನು ಹಾಗೇ ಮಾಡಿದೆ. ಡಿ.ಎ.ಪಿ. ಇಳಿಸಿ, ಪೊಟ್ಯಾಷ್ ಸೇರಿಸಿ, ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರದ ಕಡೆ ಗಮನ ಕೊಡಿ ಅಂದರು. ರಾಗಿ ದುಪ್ಪಟ್ಟಾಯಿತು ಅಂತ ಬರೆದರೆ ಸುಳ್ಳು. ಮಳೆ ಕೈಯಲ್ಲಿರುವ ಬೆಳೆ ಒಂದು ಚೀಟಿಗೆ ಬಗ್ಗುವುದಿಲ್ಲ. ಆದರೆ ಕುರುಡಾಗಿ ಮೂಟೆ ಹೊರುವುದು ತಪ್ಪಿತು.

ಎಲ್ಲಾ ಸಂಶೋಧನೆಯೂ ನಮ್ಮ ಹೊಲಕ್ಕೇ ಆಗಬೇಕು ಅಂತ ನಾನು ಹೇಳುತ್ತಿಲ್ಲ. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ ಯಾವುದೋ ಹೊಸ ಪದಾರ್ಥ ತಯಾರು ಮಾಡುತ್ತಿದ್ದ. ಅದು ನಾಳೆ ಔಷಧಿಯಾಗಬಹುದು, ಆಗದೆಯೂ ಇರಬಹುದು. ಅವನು ಮಾಡಲಿ. ನಾನು ಕೇಳುವುದು ನಮ್ಮ ಮಣ್ಣು, ನಮ್ಮ ನೀರು, ನಮ್ಮ ಕಾಳು ಒಯ್ದವರನ್ನು ಮಾತ್ರ.

ಏನು ಮಾಡಬೇಕು

ಹುಡುಗಿಯನ್ನು ಕೇಳಿದೆ, "ರಿಸಲ್ಟು ಯಾಕೆ ತರಲಿಲ್ಲ ತಾಯಿ?" ಅವಳು ಯೋಚನೆ ಮಾಡಿ ಹೇಳಿದಳು: "ಯಾರೂ ಕೇಳಲಿಲ್ಲ ಯಜಮಾನ್ರೇ. ಎಲ್ಲರೂ ಪೇಪರ್ ಆಯ್ತಾ ಅಂತ ಕೇಳೋರು."

ಪೇಪರ್ ಅಂದರೆ ಇಂಗ್ಲಿಷಿನ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗುವ ಲೇಖನ. 2016ರ ಯು.ಜಿ.ಸಿ. ನಿಯಮದಲ್ಲಿ ಪ್ರಬಂಧ ಒಪ್ಪಿಸುವ ಮುಂಚೆ ಅಂಥ ಲೇಖನ ಒಂದಾದರೂ ಆಗಲೇಬೇಕು ಅಂತ ಇತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ತೆಗೆದರು. ಆದರೂ ಪದ್ಧತಿ ಹೋಗಿಲ್ಲ. ನಾನು ಏಳನೇ ಕ್ಲಾಸು ಓದಿದವನು, ನನಗೆ ಹೊಳೆಯುವುದು ಇಷ್ಟು: ಪೇಪರ್ ಕಡ್ಡಾಯ ಮಾಡಲು ಒಂದು ನಿಯಮ ಬರೆಯಲು ಆಗಿದ್ದರೆ, ಚೀಟಿ ಕಡ್ಡಾಯ ಮಾಡಲು ಒಂದು ಸಾಲು ಬರೆಯಲು ಯಾಕಾಗಬಾರದು?

ಆ ಚೀಟಿ ಒಂದೇ ಪುಟ ಇರಲಿ, ಕನ್ನಡದಲ್ಲಿ ಇರಲಿ. ಎಸ್-14 ಅಂತ ಮಾತ್ರ ಬೇಡ, ಹೊಲದ ಹೆಸರೂ ಇರಲಿ. ಏನು ನೋಡಿದೆವು, ಎಷ್ಟು ಬಂತು, ಅದು ಕಡಿಮೆಯೋ ಸಾಕೋ ಹೆಚ್ಚೋ, ಗೊತ್ತಾಗದೆ ಉಳಿದದ್ದು ಏನು, ಇಷ್ಟು ಬರೆದರೆ ಸಾಕು. ಅದರ ಕೆಳಗೆ ಹೊಲದವನ ರುಜುವೋ ಹೆಬ್ಬೆಟ್ಟೋ ಹಾಕಿಸಿಕೊಂಡು ಅದರ ನಕಲನ್ನು ಪ್ರಬಂಧದ ಜೊತೆ ಇಡಬೇಕು. ರುಜು ಹಾಕುವಾಗ ಹೊಲದವನು ಆಡುವ ಮಾತನ್ನೂ ಬರೆದುಕೊಳ್ಳಬೇಕು. ತಿಪ್ಪೆ ಹೊರಬೀಳುವುದು ಆಗಲೇ.

ಹೋಗಿ ಬರುವ ಖರ್ಚನ್ನು ವಿಶ್ವವಿದ್ಯಾಲಯ ಕೊಡಬೇಕು. ಫೆಲೋಶಿಪ್ ತಿಂಗಳು ತಿಂಗಳು ಬರಬೇಕು. ಹೊಗೆ ಎಳೆಯುವ ಫ್ಯಾನು ತಿರುಗಬೇಕು. ಹಸಿದ ಎತ್ತಿನಿಂದ ಸಾಲು ನೆಟ್ಟಗೆ ಬರುವುದಿಲ್ಲ. ಕೃಷಿ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹಳ್ಳಿಗೆ ಬಂದು ಇದ್ದು ಹೋಗುತ್ತಾರೆ, ಅವರಿಗೆ ನಮ್ಮ ಮುಖ ಗೊತ್ತಿರುತ್ತೆ. ಬೇರೆ ವಿಶ್ವವಿದ್ಯಾಲಯಗಳ ಕೆಮಿಸ್ಟ್ರಿ ಮಕ್ಕಳಿಗೆ ಆ ದಾರಿ ಇಲ್ಲ. ನಮ್ಮ ಜಿಲ್ಲೆಗೆ 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಬಂತು. ಅಲ್ಲೂ ರಸಾಯನಶಾಸ್ತ್ರ ಇದೆ, ಅಲ್ಲಿ ಓದುವವರಲ್ಲಿ ಎಷ್ಟೋ ಜನ ನಮ್ಮ ನಿಮ್ಮ ಮಕ್ಕಳೇ. ಇಂಥ ಒಂದು ಸಾಲಿನ ನಿಯಮ ನಮ್ಮ ಜಿಲ್ಲೆಯಿಂದಲೇ ಶುರುವಾದರೆ ಚೆನ್ನ.

ನಮ್ಮ ಪಾಲಿನದೂ ಇದೆ. ಯಾರೋ ಬಂದು ಮಣ್ಣು ಕೇಳಿದರೆ ತಗೋ ಹೋಗು ಅಂತ ಬೀಡಿ ಸೇದುತ್ತಾ ಕೂರಬಾರದು. ಜೊತೆಗೆ ನಡೆದು ಎಲ್ಲಿ ತೆಗೆಯಬೇಕು ತೋರಿಸಬೇಕು. ಯಾವ ವರ್ಷ ಏನು ಹಾಕಿದೆ ಅಂತ ಕೇಳಿದರೆ ಬಾಯಿಗೆ ಬಂದದ್ದು ಹೇಳಬಾರದು. ಒಂದು ನೋಟ್ ಬುಕ್ಕಿನಲ್ಲಿ ಬರೆದಿಡುವುದು ಕಷ್ಟವಲ್ಲ. ಕೊನೆಗೆ ಮಣ್ಣು ಕೊಡುವ ಮುಂಚೆ ಒಂದು ಚೀಟಿ ಬರೆಸಿಕೊಳ್ಳಬೇಕು: ಒಯ್ದವರ ಹೆಸರು, ವಿಭಾಗ, ಫೋನ್ ನಂಬರು, ತಾರೀಖು. ನಾನೀಗ ಹೊಲದ ಬಾಗಿಲಲ್ಲೇ ಹೇಳುತ್ತೇನೆ, ಚೀಟಿ ಇಲ್ಲದೆ ಮಣ್ಣಿಲ್ಲ. ಇದುವರೆಗೆ ಯಾರೂ ಬೇಸರ ಮಾಡಿಕೊಂಡಿಲ್ಲ.

ಹೊರಡುವಾಗ ಒಂದು ಮಾತು ಕೇಳಿದೆ. "ಇಷ್ಟು ಜನರ ಮಣ್ಣು ನೋಡಿದ್ಯಲ್ಲ ಮಗಾ, ನಿಮ್ಮಪ್ಪನ ಹೊಲದ್ದು ನೋಡಿದ್ಯಾ?"

"ಇಲ್ಲ ಯಜಮಾನ್ರೇ. ಅದು ನಮ್ಮ ಸ್ಟಡಿ ಏರಿಯಾದಲ್ಲಿ ಬರಲ್ಲ" ಅಂದಳು. ಹಾಗಂದು ತಾನೇ ತಲೆ ತಗ್ಗಿಸಿದಳು.

2025ರ ಯುಗಾದಿ ಕಳೆದ ಮೇಲೆ ಅವಳು ಬಸ್ಸಿನಲ್ಲಿ ನಮ್ಮೂರಿಗೆ ಬಂದಳು. ನನಗೆ ಕನ್ನಡದಲ್ಲಿ ಬರೆದ ಒಂದು ಪುಟ ಕೊಟ್ಟಳು. ಪಕ್ಕದ ಹೊಲಕ್ಕೆ ಹೋಗಿ ನಮ್ಮ ಮೈದುನನ ಎದುರಿಗೇ ಹತ್ತು ಕಡೆ ಗುಂಡಿ ತೋಡಿ ಎಸ್-15ಕ್ಕೆ ಹೊಸ ಮಣ್ಣು ತುಂಬಿಕೊಂಡಳು. ಚೀಲದಲ್ಲಿ ಇನ್ನೊಂದು ಕವರಿತ್ತು. ಅದರ ಮೇಲೆ ನಂಬರು ಇರಲಿಲ್ಲ. "ಇದು ಯಾರದು?" ಅಂದೆ. "ಅಪ್ಪನ ಹೊಲದ್ದು" ಅಂದಳು.

ನಿಮ್ಮ ಹೊಲದ ಮಣ್ಣು, ನಿಮ್ಮ ಬಾವಿಯ ನೀರು ಯಾರಾದರೂ ಒಯ್ದಿದ್ದರೆ, ಅದರ ಲೆಕ್ಕ ನಿಮಗೆ ಬಂತೇ ಇಲ್ಲವೇ, ಓದುಗರು ಬರೆಯಲಿ. ಬಂದಿದ್ದರೆ ತಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಿರಾ ಅಂತಲೂ ಬರೆಯಲಿ.